ಮೂರನೆಯದು ಹುಟ್ಟಿದ ಸಂಗತಿ

ಅಟ್ಟೂರು, ಯಲಹಂಕ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಇಂದೂ,

ಹೇಗಿದ್ದೀಯ ಕಂದಾ? ಹೋದ ಸಲ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ ಹಾಗಿತ್ತು. ಕೇಳಿದ್ದಕ್ಕೆ ಹೀಟರಿನ ಒಣ ಗಾಳಿಗೆ ಇಲ್ಲಿ ಎಲ್ಲರಿಗೂ ಹಾಗೇ ಅಂದುಬಿಟ್ಟೆ. ಎಲ್ಲರ ಗಂಟಲಿನ ಚಿಂತೆ ನನಗೇಕೆ, ನೀನು ಬಿಸಿನೀರಿಗೆ ನಾಲ್ಕು ಮೆಣಸು ಜಜ್ಜಿ ಹಾಕಿಕೊಂಡು ಕುಡಿ. ತುಟಿ ಒಡೆಯುವುದು ನಿಂತಿತೇ? ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂದಿದ್ದೆಯಲ್ಲ, ಶೀಸೆಯನ್ನು ಒಳಜೇಬಿನಲ್ಲಿಟ್ಟುಕೊಂಡು ಓಡಾಡು, ಮೈ ಬಿಸಿಗೆ ಕರಗಿರುತ್ತದೆ. ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಇಲ್ಲ. ಬೆಳಿಗ್ಗೆ ವಾಕಿಂಗ್ ಅಂತ ಕೆರೆಯ ತನಕ ಹೋದವರು ಬರುವಾಗ ಬೇಕರಿಯಲ್ಲಿ ದಿಲ್‌ಪಸಂದ್ ತಿಂದು ಮೀಸೆ ಒರೆಸಿಕೊಂಡು ಬರುತ್ತಾರೆ. ನಾನು ನೋಡಿಲ್ಲವೆಂದು ಅವರ ನಂಬಿಕೆ, ಇರಲಿ.

ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ. ಒಂದು ಮಾತು ಹೋಗಿ ನಿನಗೆ ತಲುಪುವಷ್ಟರಲ್ಲಿ ನಾನು ಇನ್ನೊಂದು ಆಡಿರುತ್ತೇನೆ, ಎರಡೂ ದಾರಿಯಲ್ಲಿ ಡಿಕ್ಕಿ ಹೊಡೆದುಕೊಳ್ಳುತ್ತವೆ. ಈ ಸಲದ ತಂಡದಲ್ಲಿ ಆ ಮಂಜಿನ ನಾಡಿನ ನಿಮ್ಮ ಸಂಶೋಧನಾ ಠಾಣೆಗೆ ಬರುತ್ತಿರುವ ಶಿವಪುತ್ರ ಅವರ ಅಕ್ಕನ ಮನೆ ಯಲಹಂಕ ನ್ಯೂ ಟೌನಿನಲ್ಲೇ ಇದೆಯಂತೆ. ಒಂದು ಪೊಟ್ಟಣ, ಒಂದು ಲಕೋಟೆ ಒಯ್ಯುತ್ತೇನಮ್ಮಾ ಅಂದರು. ಪೊಟ್ಟಣದಲ್ಲಿ ಹುಚ್ಚೆಳ್ಳು ಪುಡಿ, ನಿಪ್ಪಟ್ಟು, ಒಣಗಿಸಿದ ಕರಿಬೇವು ಇಟ್ಟಿದ್ದೇನೆ. ನಿಪ್ಪಟ್ಟು ಪುಡಿಯಾಗಿ ಬಂದರೆ ಸಾರಿಗೆ ಹಾಕಿಕೋ, ಎಸೆಯಬೇಡ.

ನೀನು ಹೋದಾಗಿನಿಂದ ನೆಂಟರಿಷ್ಟರಿಗೆಲ್ಲ ವಿವರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಲ್ಲಿ ಬರೀ ಮಂಜಂತಲ್ಲ, ಏನು ಕೆಲಸ ಅಂತ ಕೇಳುತ್ತಾರೆ. ನಾನು ಹೀಗೆ ಹೇಳುತ್ತೇನೆ. ನಮ್ಮ ಹುಡುಗಿಯೂ ಆರ್.ಟಿ. ನಗರದ ಅವಳ ಗೆಳತಿ ಲೈಬಾಳೂ ಸೇರಿ ಒಂದು ಮಿಷನ್ ಮಾಡಿದ್ದಾರೆ. ಅದಕ್ಕೆ ನಕ್ಷೆ ಬರೆದು ಕೊಡಬೇಕಾಗಿಲ್ಲ, ಏನು ಬೇಕೋ ಬಾಯಲ್ಲಿ ಹೇಳಿದರೆ ಸಾಕು. ತಿಳಿಯದ್ದನ್ನು ಕೇಳಿಕೊಂಡು, ಹೇಗೆ ಮಾಡಬೇಕೆಂದು ತಾನೇ ಲೆಕ್ಕ ಹಾಕಿ, ಅದನ್ನು ಮಾತಿನಲ್ಲೇ ನಮಗೆ ಹೇಳಿ, ನಾವು ಒಪ್ಪಿದರೆ ಮಾಡುತ್ತದೆ. ಹಾಗೆಯೇ ತನ್ನಂಥದ್ದೇ ಇನ್ನೊಂದನ್ನೂ ಮಾಡುತ್ತದೆ. ಮೋಟಾರು, ಎಲೆಕ್ಟ್ರಾನಿಕ್ ಚಿಪ್, ಇನ್ನೂ ಕೆಲವು ಸಾಮಾನು ಹೊರಗಿನಿಂದ ತಂದು ಕೊಟ್ಟರೆ ಮಿಕ್ಕಿದ್ದೆಲ್ಲ ಅದರ ಕೈಕೆಲಸ. ಅಂಗಡಿಯೇ ಇಲ್ಲದ ಮಂಜಿನ ಜಾಗದಲ್ಲಿ ಏನಾದರೂ ಮುರಿದರೆ ಮಾಡಿಕೊಳ್ಳಲು ಅಂಥದ್ದು ಬೇಕಿತ್ತು, ಅದಕ್ಕೇ ಅವಳು ಎರಡನೆಯದನ್ನು ಕಟ್ಟಿಕೊಂಡು ಹೋಗಿದ್ದಾಳೆ, ಅದನ್ನು ಹೆತ್ತ ಒಂದನೆಯದು ನಮ್ಮ ಹಿತ್ತಲಿನ ದ್ರಾಕ್ಷಿ ಶೆಡ್ಡಿನಲ್ಲಿದೆ. ಇಷ್ಟನ್ನೂ ಬಾಯಿ ಬಿಟ್ಟುಕೊಂಡು ಕೇಳಿದ ನಿನ್ನ ದೊಡ್ಡತ್ತೆ ಕೊನೆಗೆ, ಮದುವೆ ಯಾವಾಗ ಅಂದರು.

ಆ ಒಂದನೆಯದರ ವಿಷಯಕ್ಕೇ ಬರುತ್ತೇನೆ. ನೀವಿಬ್ಬರೂ ಅದಕ್ಕೆ ಮಾತು ಕಲಿಸುತ್ತಿದ್ದ ಕಾಲದಲ್ಲಿ ನಾನು ಶೆಡ್ಡಿನ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಏನೇನೋ ಆಡುತ್ತಿದ್ದೆ. ಅದನ್ನೆಲ್ಲ ಅದರ ಕಿವಿಗೆ ಹಾಕಿದ್ದೀರೆಂದು ನನಗೇನು ಗೊತ್ತು. ಈಗ ಅದು ಬಾಯಿ ತೆರೆದರೆ ಇಂಗೆ, ಅಂಗೆ, ಐತೆ, ಬ್ಯಾಡ. ಟೀವಿಯವರ ಹಾಗೆ ಮಾತಾಡುವುದನ್ನು ಕಲಿಸಬಾರದಿತ್ತೇ ಎಂದು ಲೈಬಾಳನ್ನು ಕೇಳಿದರೆ, ಅಮ್ಮಾ, ನಿಮ್ಮ ಮಾತೇ ಅದಕ್ಕೆ ಚೆನ್ನಾಗಿ ಹಿಡಿಸಿತು ಅಂದು ನಕ್ಕಳು. ನಿಮ್ಮಪ್ಪನಂತೂ ಮನೆಯಲ್ಲಿ ಒಬ್ಬಳು ಸಾಲದೆಂದು ಶೆಡ್ಡಿನಲ್ಲೊಬ್ಬಳನ್ನು ಕೂರಿಸಿದ್ದಾರೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.

ಗಣೇಶನ ಹಬ್ಬ ಆದ ಮೇಲೆ ಮೂರನೆಯದರ ಕೆಲಸ ಶುರುವಾಯಿತು. ಅದು ಹೆಬ್ಬಾಳದ ಕಡೆಯ ಒಂದು ಧರ್ಮಾಸ್ಪತ್ರೆಗೆ. ಅಲ್ಲಿ ನಡೆಯಲಾಗದ ಮಕ್ಕಳಿಗೆ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಮಾಡಿಕೊಡುತ್ತಿದ್ದವರು ನಿವೃತ್ತರಾಗಿ, ಆ ಕೋಣೆಗೆ ಬೀಗ ಬಿದ್ದಿತ್ತು. ಮೂಳೆ ಡಾಕ್ಟರು ರಘುನಾಥ್ ಅವರು ಲೈಬಾಳನ್ನು ಹುಡುಕಿಕೊಂಡು ಬಂದು, ನಿಮ್ಮ ಮಿಷನ್ನು ತನ್ನಂಥದ್ದೊಂದನ್ನು ನಮಗೆ ಮಾಡಿಕೊಟ್ಟರೆ ಅದು ಅಲ್ಲೇ ಕೂತು ಮಕ್ಕಳಿಗೆ ಬೇಕಾದ್ದು ಮಾಡುತ್ತದೆಯಲ್ಲ ಅಂದರು. ಇಷ್ಟು ನಿನಗೂ ಗೊತ್ತು. ಮುಂದಿನದನ್ನು ಲೈಬಾ ನಿನಗೆ ಅರ್ಧಂಬರ್ಧ ಹೇಳಿರಬೇಕು, ಏಕೆಂದರೆ ಆ ದಿನಗಳಲ್ಲಿ ಅವಳು ಇಲ್ಲಿರಲಿಲ್ಲ. ಅವಳ ಅಪ್ಪ ಸರ್ದಾರ್ ಸಾಹೇಬರಿಗೆ ಎದೆನೋವು ಬಂದು ದೊಡ್ಡ ಆಪರೇಷನ್ ಆಯಿತು. ಅವಳು ಅವರ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಹೋಗುವ ಮುಂಚೆ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಮಿಷನ್ನಿನ ಮುಂದೆ ನಿಲ್ಲಿಸಿ, ಇನ್ನು ನಾನು ಬರುವ ತನಕ ಈ ಅಮ್ಮ ಹೂಂ ಅಂದರೆ ಮಾಡು, ಇಲ್ಲದಿದ್ದರೆ ಇಲ್ಲ ಅಂತ ಹೇಳಿದಳು. ಒಂದೊಂದು ಭಾಗಕ್ಕೂ ಮನುಷ್ಯರನ್ನು ಕೇಳಬೇಕು, ಮನುಷ್ಯರು ಒಪ್ಪದೆ ಕೈ ಎತ್ತಬಾರದು ಎಂದು ನೀನು ಹಾಕಿಟ್ಟ ಕಟ್ಟಳೆಯಿದೆಯಲ್ಲ, ಅದು ಹೀಗೆ ನನ್ನ ತಲೆಯ ಮೇಲೆ ಬಂತು.

ಮೊದಮೊದಲು ನಾನು ಸುಮ್ಮನೆ ಹೂಂ ಅನ್ನುತ್ತಿದ್ದೆ. ಬೆಳಿಗ್ಗೆ ಒಲೆಯ ಮೇಲೆ ಸಾರಿಟ್ಟು ಹೋಗುವುದು, ಅದು, ಈವತ್ತು ಮೊಣಕೈ ಕೀಲು, ಇಂಗಿಂಗೆ ಮಾಡೋಣ ಅಂತಿದೀನಿ, ಮಾಡ್ಲಾ ಅನ್ನುವುದು, ನಾನು ಮಾಡಪ್ಪ ಅಂದು ಓಡಿ ಬರುವುದು. ಆಮೇಲೆ ನಾಚಿಕೆಯಾಯಿತು. ಏನು ಮಾಡುತ್ತಿದೆ ಅಂತಲೇ ತಿಳಿಯದೆ ಹೂಂ ಅನ್ನುವುದಾದರೆ ನಾನೇಕೆ ಬೇಕು, ಅಲ್ಲೊಂದು ಗಂಟೆ ಕಟ್ಟಿದ್ದರೆ ಸಾಕಿತ್ತು. ಮಾರನೆಯ ದಿನದಿಂದ ಸ್ಟೂಲ್ ಹಾಕಿಕೊಂಡು ಕೂತೆ. ಇದು ಯಾಕೆ, ಅದು ಎಲ್ಲಿಗೆ ಎಂದು ಕೇಳಿದೆ. ಬೇಸರಪಡದೆ ಹೇಳಿತು. ಮೂರನೆಯದು ಮೊದಲು ಬರೀ ಕಾಲು, ಆಮೇಲೆ ಮೇಜು, ಆಮೇಲೆ ಒಂದು ಕೈ, ಹೀಗೆ ಎದುರಿಗೆ ಎದ್ದು ನಿಲ್ಲುತ್ತ ಬಂತು. ಒಂದನೆಯದು ತನ್ನ ಕೈಯಿಂದ ಇನ್ನೊಂದು ಅಂಥದ್ದೇ ಕೈಯನ್ನು ಹಿಡಿದು ಜೋಡಿಸುವುದನ್ನು ನೋಡುತ್ತಿದ್ದರೆ ಹೊತ್ತು ಹೋಗುವುದೇ ಗೊತ್ತಾಗುತ್ತಿರಲಿಲ್ಲ. ಎರಡು ಸಲ ಸಾರು ಸೀದುಹೋಯಿತು, ನಿಮ್ಮಪ್ಪ ಏನೂ ಅನ್ನದೆ ಊಟ ಮಾಡಿದರು. ಅದೂ ಒಂದು ಸುದ್ದಿಯೇ.

ಆ ಆಸ್ಪತ್ರೆಯಲ್ಲಿ ಕುಲ್ಸುಮ್ ಅನ್ನುವ ಹುಡುಗಿ ಕಾದಿದ್ದಳು. ಎಂಟೋ ಒಂಬತ್ತೋ ವಯಸ್ಸು. ಹುಟ್ಟಿದಾಗಿನಿಂದ ಎಡಗಾಲಿನ ಪಾದ ಒಳಕ್ಕೆ ತಿರುಗಿ, ಹಿಮ್ಮಡಿ ನೆಲಕ್ಕೆ ಊರದೆ ತುದಿಬೆರಳಲ್ಲಿ ನಡೆಯುತ್ತಿದ್ದ ಮಗು. ರಘುನಾಥ್ ಡಾಕ್ಟರು ನರ ಬಿಡಿಸುವ ಆಪರೇಷನ್ ಮಾಡಿ ಪ್ಲಾಸ್ಟರ್ ಹಾಕಿದ್ದರು. ಅದನ್ನು ತೆಗೆಯುವ ಶುಕ್ರವಾರದ ಹೊತ್ತಿಗೆ ಪಾದವನ್ನು ನೇರವಾಗಿ ಹಿಡಿದುಕೊಳ್ಳುವ ಕ್ಯಾಲಿಪರ್ ಸಿದ್ಧವಿರಬೇಕು, ಇಲ್ಲದಿದ್ದರೆ ಕಾಲು ಮತ್ತೆ ಮೊದಲಿನ ಕಡೆಗೇ ಎಳೆಯುತ್ತದೆ ಎಂದಿದ್ದರು. ಬೇರೆ ಕಡೆ ಮಾಡಿಸೋಣವೆಂದರೆ ಎಲ್ಲ ಕಡೆಯೂ ವಾರಗಟ್ಟಲೆ ಸರದಿ. ಮೂರನೆಯದು ಅಷ್ಟರೊಳಗೆ ಹೋಗಿ ಅಲ್ಲಿ ಕೂತು ಅದನ್ನು ಮಾಡಬೇಕಿತ್ತು.

ಮುಗಿಯುವುದಕ್ಕೆ ಒಂದೇ ಒಂದು ಸಾಮಾನು ಬಾಕಿ ಉಳಿಯಿತು. ಬಲಗೈಯನ್ನು ಹಿಂದೆ ಮುಂದೆ ಜರುಗಿಸುವ ಉಕ್ಕಿನ ಸ್ಕ್ರೂ. ಅದನ್ನು ಅದು ಮಾಡಿಕೊಳ್ಳಲಾರದು, ಹೊರದೇಶದಿಂದ ಬರಬೇಕು, ಬಂದರಿನಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ನಿಮ್ಮಪ್ಪ, ಪೀಣ್ಯದಲ್ಲಿ ಸಿಗದ ಸ್ಕ್ರೂ ಯಾವುದಿದೆ ನಡಿ ಅಂದು ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಟಿ. ದಾಸರಹಳ್ಳಿಯ ಟ್ರಾಫಿಕ್ಕಿನಲ್ಲಿ ಆ ಟಿವಿಎಸ್ಸಿನ ಮೇಲೆ ಕೂತು ನಾನು ನೆನೆಯದ ದೇವರಿಲ್ಲ. ಅಂಗಡಿ ಅಂಗಡಿ ತಿರುಗಿ, ಹೋಲುವಂಥದ್ದೊಂದನ್ನು ತಂದೆವು. ಮಿಷನ್ನು ಅದನ್ನು ಅಳೆದು ನೋಡಿ, ಇದು ಬಿಗಿಯಾಗ್ತದೆ, ಕೈ ನಡುಗ್ತದೆ, ಮಗೀನ ಕಾಲಿನ ಕೆಲಸಕ್ಕೆ ನಡುಗೋ ಕೈ ಬ್ಯಾಡ ಅಂತು. ನಿಮ್ಮಪ್ಪನಿಗೆ ಕೋಪ ಬಂತು. ಆದರೆ ಅದು ಹೇಳಿದ್ದು ಸರಿಯೆಂದು ಅವರಿಗೂ ಗೊತ್ತಿತ್ತು, ಸ್ಕ್ರೂ ವಾಪಸು ಕೊಟ್ಟು ಬಂದರು.

ಆ ಸಂಜೆ ಅದು ಇನ್ನೊಂದು ದಾರಿ ಹೇಳಿತು. ನನ್ನ ಬಲಗೈ ಸ್ಕ್ರೂನ ಬಿಚ್ಚಿ ಮೂರನೇದಕ್ಕೆ ಹಾಕ್ತೀನಿ, ಎಡಗೈಯಲ್ಲೇ ಬಿಚ್ಚಬಹುದು, ಶುಕ್ರವಾರಕ್ಕೆ ಮುಗೀತದೆ, ಮಾಡ್ಲಾ ಅಂತು. ಮೊದಲ ದಿನಗಳಲ್ಲಿ ಮೊಣಕೈ ಕೀಲಿಗೆ ಕೇಳಿದ್ದ ಧ್ವನಿಯಲ್ಲೇ ಕೇಳಿತು, ಹೆಚ್ಚಿಲ್ಲ ಕಡಿಮೆಯಿಲ್ಲ. ಬ್ಯಾಡ ಅಂದೆ. ಯಾಕ್ ಬ್ಯಾಡ ಅಂತ ಕೇಳಿತು. ತಪ್ಪು ತಿಳಿಯಬೇಡ ಇಂದೂ, ಅದು ಹಟಕ್ಕೆ ಕೇಳಿದ್ದಲ್ಲ, ಬೇಡ ಅಂದರೆ ಕಾರಣ ತಿಳಿದುಕೊಳ್ಳುವುದು ಅದರ ಪದ್ಧತಿ. ನಾಳೆ ಹೇಳ್ತೀನಿ ಇರು ಅಂದು ಬಂದು ಮುದ್ದೆ ಕಟ್ಟಿದೆ.

ಬೆಳಿಗ್ಗೆ ಹೋಗಿ, ನೀನು ಕೈ ಬಿಚ್ಚಿ ಕೊಟ್ಟ ಮೇಲೆ ನಿನ್ನ ಕೈಯನ್ನು ಯಾರು ಸರಿಮಾಡುತ್ತಾರೆ ಎಂದು ಕೇಳಿದೆ. ಸ್ಕ್ರೂ ಬಂದಾಗ ಮೂರನೇದು ಮಾಡ್ತದೆ ಅಂತು. ಹೌದಲ್ಲವೇ, ಅದರ ಲೆಕ್ಕದಲ್ಲಿ ತಪ್ಪೇನಿದೆ. ಆಮೇಲೆ ಕೇಳಿದೆ, ಮೂರನೆಯದು ಇನ್ನೂ ಒಂದು ಸಲವೂ ಕೈ ಆಡಿಸಿಲ್ಲ, ಎದ್ದ ಮೇಲೆ ಅದು ಕೆಲಸಕ್ಕೆ ಬರದಿದ್ದರೆ? ಅಂಗಾಗೋದೂ ಐತೆ ಅಂತು. ಆಗ ನೀನೂ ಇಲ್ಲ, ಅದೂ ಇಲ್ಲ, ಮಗುವಿನ ಕಾಲೂ ಇಲ್ಲ, ಅಲ್ಲವೇ ಅಂದೆ. ಹೌದು ಅಂತು. ಹಾಗಿದ್ದ ಮೇಲೆ ಬೇಡ ಅಂದೆ. ಸರಿ, ಬ್ಯಾಡ ಅಂತು, ಅಷ್ಟೇ. ಅದು ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೆ ಇನ್ನೂ ಭಯವಾಯಿತು. ಈಗ ಆ ಮಗುವಿನ ಕಾಲಿಗೆ ಜವಾಬ್ದಾರಿ ಯಾರು, ನಾನೇ ತಾನೇ.

ಮಧ್ಯಾಹ್ನ ಕುಲ್ಸುಮಳ ತಾಯಿ ನಜ್ಮುನ್ನೀಸಾ ಫೋನ್ ಮಾಡಿದಳು. ಲೈಬಾ ನನ್ನ ನಂಬರು ಕೊಟ್ಟಿದ್ದಳಂತೆ. ಅಕ್ಕಾ, ನಾಳೆ ಆಗ್ತದಲ್ಲಾ, ನನ್ನ ಮಗಳು ಸ್ಕೂಲ್ ಬ್ಯಾಗ್ ಕೂಡ ತುಂಬಿಸಿ ಇಟ್ಟವಳೆ ಅಂದಳು. ನೋಡ್ತೀನಮ್ಮ ಅಂದು ಇಟ್ಟೆ. ನಿಮ್ಮಪ್ಪ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಕಾಫಿ ಲೋಟ ಕೆಳಗಿಟ್ಟು, “ಅಲ್ಲ ಕಣೇ, ಆ ಮಗೀಗೆ ಬೇಕಾಗಿರೋದು ಮಿಷನ್ನಾ, ಕಾಲಿಗೆ ಹಾಕೋದಾ?” ಅಂದರು.

ನನಗೂ ಹೊಳೆದಿರಲಿಲ್ಲ, ಮಿಷನ್ನಿಗೂ ಹೊಳೆದಿರಲಿಲ್ಲ. ಅದಕ್ಕೆ ನಾವು ಹೇಳಿದ್ದೇ ಮೂರನೆಯದನ್ನು ಮಾಡು ಎಂದಲ್ಲವೇ, ಅದು ಅದರ ಹಿಂದೆಯೇ ಬಿದ್ದಿತ್ತು. ಶೆಡ್ಡಿಗೆ ಓಡಿಹೋಗಿ, ಮೂರನೆಯದನ್ನು ಬಿಡು, ಮಗುವನ್ನೇ ಇಲ್ಲಿಗೆ ಕರೆಸಿದರೆ ನೀನೇ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದೆ. ಆಗ್ತದೆ, ಕಾಲು ನೋಡಬೇಕು, ಡಾಕ್ಟರು ಜೊತೇಲಿರಬೇಕು ಅಂತು. ರಘುನಾಥ್ ಅವರು ಮೊದಲು ಹಿಂದೆ ಮುಂದೆ ನೋಡಿದರು, ಶೆಡ್ಡಿನಲ್ಲಿ ಧೂಳು ಅದು ಇದು ಅಂದರು. ನಾನೂ ನಿಮ್ಮಪ್ಪನೂ ಸೇರಿ ನೆಲವನ್ನು ತೊಳೆದು ಫೋಟೋ ಕಳಿಸಿದೆವು. ಶುಕ್ರವಾರ ಪ್ಲಾಸ್ಟರ್ ತೆಗೆದು, ಹಿಂದುಗಡೆಗೆ ಮಾತ್ರ ಅರ್ಧ ಪ್ಲಾಸ್ಟರಿನ ಆಸರೆ ಕಟ್ಟಿ, ತಮ್ಮ ಕಾರಿನಲ್ಲೇ ತಾಯಿ ಮಗಳನ್ನು ಕರೆತಂದರು. ಮಿಷನ್ನು ಕಾಲಿನ ಅಳತೆಯೆಲ್ಲ ತೆಗೆದುಕೊಂಡಿತು. ಶನಿವಾರ ಬನ್ನಿ ಅಂದಿದ್ದಕ್ಕೆ ಮತ್ತೆ ಬಂದರು. ಅಷ್ಟರಲ್ಲಿ ಕ್ಯಾಲಿಪರ್ ಸಿದ್ಧವಾಗಿತ್ತು. ಮೀನಖಂಡದಿಂದ ಅಂಗಾಲಿನವರೆಗೆ ಹಿಡಿದುಕೊಳ್ಳುವ ಹಾಗೆ ಬಿಳಿ ಪ್ಲಾಸ್ಟಿಕ್ಕಿನದು, ಮುಂದೆ ಪಟ್ಟಿ. ನೋಡಲು ಚೆಂದವಾಗಿಯೇ ಇತ್ತು.

ಹಾಕಿದರು. ಡಾಕ್ಟರು ಎಲ್ಲ ಕಡೆ ಬೆರಳಾಡಿಸಿ ನೋಡಿದರು. ಮಿಷನ್ನು ಹುಡುಗಿಯನ್ನು, ನೋವೈತಾ ಎಂದು ಕೇಳಿತು. ಇಲ್ಲ ಅಂದಳು. ಉಜ್ಜತದಾ? ಇಲ್ಲ. ಬಿಗೀನಾ? ಇಲ್ಲ. ನಾಲ್ಕು ಹೆಜ್ಜೆ ನಡೆದಳು. ನಜ್ಮುನ್ನೀಸಾ ಅತ್ತುಬಿಟ್ಟಳು. ಡಾಕ್ಟರು ಕಾರಿನ ಕೀ ಕೈಗೆ ತೆಗೆದುಕೊಂಡರು. ಆದರೆ ಆ ಹುಡುಗಿ ಹೆಜ್ಜೆ ಇಟ್ಟಾಗಲೆಲ್ಲ ತನ್ನ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು, ಇಂದೂ. ಮುಖದಲ್ಲಿ ನಗು, ಕೈಯಲ್ಲಿ ಮುಷ್ಟಿ. ನಾನು ಮಿಷನ್ನಿನ ಹತ್ತಿರ ಹೋಗಿ, ಅವಳಿಗೆ ನೋವಾಗುತ್ತಿದೆ ಅಂದೆ. ಇಲ್ಲ ಅಂತ ಅವಳೇ ಹೇಳಿದ್ಲಲ್ಲ ಅಂತು ಪಾಪ. ಮಾತು ಕೇಳಿ ಕೆಲಸ ಮಾಡುವುದನ್ನು ಕಲಿಸಿದ್ದೀರಿ. ಮಕ್ಕಳು ಹೆದರಿದಾಗ ಮಾತು ಬದಲಾಯಿಸುತ್ತವೆ ಎನ್ನುವುದನ್ನು ಅದಕ್ಕೆ ಯಾರೂ ಹೇಳಿಲ್ಲ. ನೋವು ಅಂದಾಗಲೆಲ್ಲ ಆ ಮಗುವಿಗೆ ಇನ್ನೊಂದು ಪ್ಲಾಸ್ಟರ್, ಇನ್ನೊಂದು ಸೂಜಿ ಸಿಕ್ಕಿದೆ. ಇಲ್ಲ ಅನ್ನುವುದನ್ನು ಕಲಿತುಬಿಟ್ಟಿದ್ದಾಳೆ.

ಕಾಫಿ ಕುಡಿದು ಹೋಗಿ ಎಂದು ಡಾಕ್ಟರನ್ನೂ ನಜ್ಮುನ್ನೀಸಾಳನ್ನೂ ನಿಮ್ಮಪ್ಪನ ಜೊತೆ ಮನೆಯೊಳಗೆ ಕಳಿಸಿದೆ. ಹುಡುಗಿಯನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ, ಕ್ಯಾಲಿಪರ್ ಬಿಚ್ಚಿ, ನಾನೇ ಅದನ್ನು ನನ್ನ ಮುಂಗೈಗೆ ತೊಡಿಸಿಕೊಂಡು ಪಟ್ಟಿ ಬಿಗಿದೆ. ನನ್ನ ದಪ್ಪ ಕೈ ಅದರೊಳಗೆ ಸಿಕ್ಕಿಕೊಂಡು ಬದನೆಕಾಯಿಯ ಹಾಗಾಯಿತು. ಅಮ್ಮಮ್ಮಾ, ನನಗೆ ಇಲ್ಲಿ ಒತ್ತುತ್ತದೆ, ಇಲ್ಲಿ ಚುಚ್ಚುತ್ತದೆ, ಇದನ್ನು ಮಾಡಿದವರಿಗೆ ಬುದ್ಧಿಯಿಲ್ಲ ಎಂದು ಮಿಷನ್ನಿನ ಕಡೆ ತಿರುಗಿ ಬೈದೆ. ಅದು ಸುಮ್ಮನೆ ಬೈಸಿಕೊಂಡಿತು. ಕುಲ್ಸುಮ್ ಕಿಸಕ್ಕನೆ ನಕ್ಕಳು. ನಗುತ್ತಲೇ ನನ್ನ ಕೈ ನೋಡಿ, ತನ್ನ ಕಾಲಿನ ಹೊರಬದಿಯ ಗೆಣ್ಣಿನ ಮೇಲೆ ಬೆರಳಿಟ್ಟು, “ನಂಗೂ, ಇಲ್ಲಿ, ಚುಬ್ತಾ” ಅಂದಳು. ಅಷ್ಟು ಸಣ್ಣ ಧ್ವನಿಯಲ್ಲಿ ಅಂದಳೆಂದರೆ ನನಗೇ ಸರಿಯಾಗಿ ಕೇಳಲಿಲ್ಲ, ಮಿಷನ್ನಿಗೆ ಕೇಳಿಸಿತು. ಚುಬ್ತಾ ಅಂದ್ರೇನು ಎಂದು ಮೆಲ್ಲಗೆ ಕೇಳಿತು. ಚುಬ್ತಾ ಅಂದ್ರೆ ಚುಬ್ತಾ ಅಂದಳು ಹುಡುಗಿ. ಮುಳ್ಳು ಚುಚ್ಚಿದಂಗಾ, ಕಲ್ಲು ಒತ್ತಿದಂಗಾ? ಕಲ್ಲು. ನಡೆಯೋವಾಗಾ, ನಿಂತಾಗಲೂನಾ? ನಿಂತಾಗಲೂ. ಆಮೇಲೆ ಬೆರಳಿನ ಬುಡದಲ್ಲಿ ಇನ್ನೊಂದು ಜಾಗ ತೋರಿಸಿದಳು, ಹಿಮ್ಮಡಿಯ ಹತ್ತಿರ ಮತ್ತೊಂದು. ಅದುವರೆಗೆ ನೋವಿದೆಯೇ ಇಲ್ಲವೇ ಎಂದು ಎಲ್ಲರೂ ಕೇಳಿದ್ದರು. ಎಂಥ ನೋವು ಎಂದು ಕೂತು ಕೇಳಿದವರು ಇರಲಿಲ್ಲವೇನೋ, ಮಗು ಮಾತಾಡಿದ್ದೇ ಮಾತಾಡಿದ್ದು. ಅರ್ಧ ಕನ್ನಡ, ಅರ್ಧ ಅವರ ಮನೆಯ ಮಾತು. ತಿಳಿಯದ ಪದ ಬಂದಾಗಲೆಲ್ಲ ಅದು ಅವಳನ್ನೇ ಕೇಳಿ ತಿಳಿದುಕೊಂಡಿತು. ಒಂದು ಕಡೆ ಅವಳು ನಕ್ಕೋ ಅಂದಳು. ನಗು ಅಂತಿದಾಳಾ ಎಂದು ಅದು ನನ್ನನ್ನು ಕೇಳಿದಾಗ, ಅಲ್ಲಪ್ಪ, ಬೇಡ ಅಂತಿದಾಳೆ ಎಂದು ನಾನು ಬಿಡಿಸಿ ಹೇಳಬೇಕಾಯಿತು.

ಡಾಕ್ಟರು ವಾಪಸು ಬಂದಾಗ ಹುಡುಗಿ ಮಿಷನ್ನಿಗೆ ತನ್ನ ಸ್ಕೂಲಿನ ವಿಷಯ ಹೇಳುತ್ತಿದ್ದಳು. ತೋರಿಸಿದ ಜಾಗಗಳನ್ನು ಒತ್ತಿ ನೋಡಿದರು, ಗೆಣ್ಣಿನ ಹತ್ತಿರ ಆಗಲೇ ಕೆಂಪಗಾಗಿತ್ತು. ಹಾಗೇ ಕಳಿಸಿದ್ದರೆ ಎರಡು ದಿನದಲ್ಲಿ ಗುಳ್ಳೆಯೆದ್ದು, ಹುಡುಗಿ ಅದನ್ನು ಬಿಚ್ಚಿ ಮೂಲೆಗೆಸೆಯುತ್ತಿದ್ದಳು ಅಂದರು. ಮಿಷನ್ನು ಎಲ್ಲೆಲ್ಲಿ ಬಿಸಿ ಮಾಡಿ ಬಾಗಿಸಬೇಕು, ಎಲ್ಲಿ ಅಂಚು ತೆಗೆಯಬೇಕು, ಎಲ್ಲಿ ಮೆತ್ತೆ ಇಡಬೇಕು ಎಂದು ಹೇಳಿ, ಮಾಡ್ಲಾ ಎಂದು ಕೇಳಿತು. ಡಾಕ್ಟರು ನನ್ನ ಮುಖ ನೋಡಿದರು, ನಾನು ಹುಡುಗಿಯ ಮುಖ ನೋಡಿದೆ. ಮಾಡು ಅಂದಳು ಕುಲ್ಸುಮ್. ಎರಡನೆಯ ಸಲ ಹಾಕಿದಾಗ ಶೆಡ್ಡಿನಿಂದ ಗೇಟಿನ ತನಕ ನಡೆದಳು, ತಾಯಿಯ ಕೈ ಹಿಡಿದು, ನಿಧಾನವಾಗಿ. ಹಿಮ್ಮಡಿ ನೆಲಕ್ಕೆ ಊರುತ್ತಿತ್ತು. ನಾನು ಅವಳ ಪಾದ ನೋಡಲಿಲ್ಲ, ಕೈ ನೋಡಿದೆ. ಬೆರಳು ಸಡಿಲವಾಗಿದ್ದವು. ನಿಮ್ಮಪ್ಪ ಸೀಬೆ ಮರದಿಂದ ಹಣ್ಣು ಕಿತ್ತು ಚೀಲ ತುಂಬಿ ಕಾರಿಗಿಟ್ಟರು, ಮತ್ತೆ ಹಿತ್ತಲ ಕಡೆಗೆ ಹೋದರು.

ದೀಪಾವಳಿ ಕಳೆದ ಮೇಲೆ ಸ್ಕ್ರೂ ಬಂತು, ಲೈಬಾಳೂ ಬಂದಳು. ಸರ್ದಾರ್ ಸಾಹೇಬರು ಈಗ ಮಹಡಿ ಹತ್ತಿ ಇಳಿಯುವಷ್ಟಾಗಿದ್ದಾರೆ, ನಿನ್ನನ್ನು ಕೇಳಿದರಂತೆ. ಮೂರನೆಯದಕ್ಕೆ ಬಲಗೈ ಜೋಡಿಸಿ ಆದ ಮೇಲೆ, ಒಂದನೆಯದು ತಾನು ಕಲಿತದ್ದನ್ನೆಲ್ಲ ಅದಕ್ಕೆ ದಾಟಿಸುವ ಹೊತ್ತು ಬಂತು. ಈ ಸಲ ಕಲಿತದ್ದರಲ್ಲಿ ಏನೇನಿದೆ ಎಂದು ಲೈಬಾ ಕೇಳಿದಳು. ಒಂದೊಂದೇ ಹೇಳಿತು. ಒತ್ತುವುದಕ್ಕೂ ಉಜ್ಜುವುದಕ್ಕೂ ಇರುವ ವ್ಯತ್ಯಾಸ, ಚುಬ್ತಾ ಎಂದರೇನು, ಮಗು ಇಲ್ಲ ಅಂದರೆ ಕೈಯನ್ನೂ ನೋಡಬೇಕು, ಕೇಳುವಾಗ ದೊಡ್ಡವರನ್ನು ಕಾಫಿ ಕುಡಿಯಲು ಕಳಿಸಬೇಕು. ಕೊನೆಯದನ್ನು ಕೇಳಿ ಲೈಬಾ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಇದನ್ನೂ ದಾಟಿಸ್ಲಾ ಎಂದು ಅದು ನನ್ನನ್ನು ಕೇಳಿತು. ಲೈಬಾ ಬಂದ ಮೇಲೂ ನನ್ನನ್ನೇ ಕೇಳಿತು ನೋಡು. ದಾಟಿಸು ಅಂದೆ.

ಮೂರನೆಯದು ಎದ್ದಾಗ ಅಂಥ ವಿಶೇಷವೇನೂ ಆಗಲಿಲ್ಲ. ಎರಡು ಕೈಗಳನ್ನೂ ಮೇಲೆತ್ತಿ ಇಳಿಸಿತು, ಒಂದು ತಿರುಪು ಎತ್ತಿ ಅದರ ಜಾಗದಲ್ಲಿಟ್ಟಿತು, ಏನ್ ಮಾಡ್ಬೇಕು ಹೇಳಿ ಅಂತು. ಧ್ವನಿ ನನ್ನದಲ್ಲ, ಮಾತು ನನ್ನದು. ನನಗೆ ನಿನ್ನ ನೆನಪಾಯಿತು. ನೀನೂ ಮಾತು ಕಲಿತಾಗ ನಮ್ಮ ಅತ್ತೆಯ ಹಾಗೆಯೇ ಇಂಗೆ ಅಂಗೆ ಅನ್ನುತ್ತಿದ್ದೆ, ಸ್ಕೂಲಿಗೆ ಹೋದ ಮೇಲೆ ಬಿಟ್ಟೆ. ಟೆಂಪೋದಲ್ಲಿ ಹಗ್ಗ ಬಿಗಿದು ಆಸ್ಪತ್ರೆಗೆ ಕಳಿಸಿ ಬಂದೆವು. ಕುಲ್ಸುಮ್ ಈಗ ದಿನಾ ಶಾಲೆಗೆ ಹೋಗುತ್ತಾಳೆ. ಕ್ಯಾಲಿಪರ್ ಹಾಕಿದ ಕಾಲಿಗೆ ದೊಡ್ಡ ಬೂಟು, ಇನ್ನೊಂದಕ್ಕೆ ಚಿಕ್ಕದು, ಅದಕ್ಕಾಗಿ ಎರಡು ಜೊತೆ ಕೊಂಡಿದ್ದಾರೆ. ಮಿಕ್ಕ ಎರಡು ಬೂಟುಗಳನ್ನು ಏನು ಮಾಡುವುದೆಂದು ನಜ್ಮುನ್ನೀಸಾ ಕೇಳುತ್ತಾಳೆ, ನಮಗೂ ತಿಳಿದಿಲ್ಲ. ಇನ್ನೂ ಎಷ್ಟೋ ತಿಂಗಳು ಹಾಕಿಕೊಳ್ಳಬೇಕು, ನಡುವೆ ಕಾಲು ಬೆಳೆದಂತೆ ಬೇರೆ ಮಾಡಿಸಬೇಕು. ಆದರೆ ಪಾದ ತಿರುಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ನಿನ್ನ ಮಿಷನ್ನಿನ ವಿಷಯದಲ್ಲಿ ನಿನ್ನನ್ನು ಕೇಳದೆ ನಾನು ಬೇಡ ಅಂದೆ, ಬೇಕು ಅಂದೆ. ನೀನಿದ್ದಿದ್ದರೆ ಏನು ಮಾಡುತ್ತಿದ್ದೆಯೋ, ಕಾಗದ ಓದಿ ಆದ ಮೇಲೆ ಹೇಳು. ಎರಡನೆಯದು ಅಲ್ಲಿ ಹೇಗಿದೆ? ಅದಕ್ಕೂ ಈ ಹೊಸ ಪಾಠ ಕಳಿಸಬಹುದು ಎನ್ನುತ್ತಾಳೆ ಲೈಬಾ. ಪೆಂಗ್ವಿನ್ನುಗಳ ಕಾಲು ನೋಡಲು ಆದೀತು ಎಂದು ನಿಮ್ಮಪ್ಪ.

ಕಾಲಿಗೆ ಎರಡು ಕಾಲುಚೀಲ ಹಾಕಿಕೋ. ಹೊರಗೆ ಒಬ್ಬಳೇ ಹೋಗಬೇಡ. ಮನೆದೇವರು ನಿನ್ನನ್ನು ಆ ಬಿಳಿ ನೆಲದಲ್ಲೂ ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ. ನಿಮ್ಮಪ್ಪ ಮುನಿಶಾಮಪ್ಪನವರ ಆಶೀರ್ವಾದವನ್ನೂ ಸೇರಿಸಿದ್ದೇನೆ, ಅವರು ಬರೆಯುವುದಿಲ್ಲ ಎಂದು ನಿನಗೆ ಗೊತ್ತಲ್ಲ.

ಇಂತಿ ನಿನ್ನ ದಾರಿ ನೋಡುವ ಅಮ್ಮ,
ಸುಬ್ಬಮ್ಮ

ಮರೆತಿದ್ದೆ: ಶಿವಪುತ್ರ ಅವರು ಆಗಲೇ ಬಂದು ಜಗಲಿಯಲ್ಲಿ ಕೂತಿದ್ದಾರೆ, ಬೇಗ ಬರೆಯುತ್ತೇನೆ. ರಘುನಾಥ್ ಡಾಕ್ಟರು ನನ್ನನ್ನು ಕೆಲಸಕ್ಕೆ ಕರೆದಿದ್ದಾರೆ. ವಾರಕ್ಕೆ ಮೂರು ಬೆಳಿಗ್ಗೆ ಮೂರನೆಯದರ ಪಕ್ಕದಲ್ಲಿ ಕೂತು ಮಕ್ಕಳ ಜೊತೆ ಮಾತಾಡಬೇಕು. ಒಪ್ಪಿದ್ದೇನೆ, ಡಿಸೆಂಬರ್ ಒಂದರಿಂದ. ಕೊರಳಿಗೆ ಹಾಕುವ ಕಾರ್ಡಿಗೆ ಫೋಟೋ ತೆಗೆದರು, ಅದರಲ್ಲಿ ನಾನು ಹೆದರಿದ ಹಾಗೆ ಕಾಣುತ್ತೇನೆ. ತಮಗೆ ತಿಂಡಿ ಯಾರು ಮಾಡುತ್ತಾರೆ ಎಂದು ನಿಮ್ಮಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದರು, ನಿನ್ನೆ ತಾವೇ ಟಿವಿಎಸ್ ಸರ್ವೀಸ್ ಮಾಡಿಸಿ ನನಗೊಂದು ಹೆಲ್ಮೆಟ್ ತಂದಿದ್ದಾರೆ. ಹಾಗಾಗಿ ಇಂದೂ, ಅಮ್ಮ ಬೇಸರಪಡುತ್ತಾಳೆ ಎಂದು ನೀನು ಓಡಿ ಬರಬೇಕಾಗಿಲ್ಲ. ಇನ್ನೊಂದು ಚಳಿಗಾಲ ಇಲ್ಲೇ ಇರಲಾ ಅಮ್ಮಾ ಎಂದು ಹೋದ ಸಲ ನೀನು ಕೇಳಿದೆ. ನಾನು ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ. ಲೈನ್ ಚೆನ್ನಾಗಿಯೇ ಇತ್ತು. ಇರು ಕಂದಾ, ಕೆಲಸ ಮುಗಿಸಿಕೊಂಡೇ ಬಾ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಮಾತ್ರ ಫೋನ್ ಮಾಡಬೇಡ, ನಾನು ಡ್ಯೂಟಿಯಲ್ಲಿರುತ್ತೇನೆ.